ಮಸಿ ಹತ್ತಿದ ಹೆಬ್ಬೆರಳು

ಆ ಪುಸ್ತಕಾಲಯದ ಬಾಗಿಲಲ್ಲಿ ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಕೈ ಚಾಚು ಎಂದರು. ಚಾಚಿದೆ. ಬಾಗಿಲು ಕಾಯುವ ಮುದುಕ ನನ್ನ ಬಲಗೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ನನ್ನ ಅಂಗೈಯನ್ನೂ ಹೆಬ್ಬೆರಳನ್ನೂ ಗಸಗಸ ಉಜ್ಜಿ, ಕರವಸ್ತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ. ಅದು ಬೆಳ್ಳಗೇ ಇತ್ತು. ಅವನಿಗೆ ಸ್ವಲ್ಪ ನಿರಾಸೆಯೇ ಆದಂತೆ ಕಂಡಿತು. ನನಗಿಂತ ಮುಂದೆ ಒಳಗೆ ಹೋದ ನಾಲ್ವರ ಕೈಯನ್ನು ಅವನು ನೋಡಿರಲಿಲ್ಲ. ನನ್ನ ಹಿಂದೆ ಬಂದವರ ಕೈಯನ್ನೂ ನೋಡಲಿಲ್ಲ.

ಇದು ನಡೆದದ್ದು ಐವತ್ತರ ದಶಕದ ನಡುವಿನಲ್ಲಿ, ಬೆಲ್ಜಿಯಂ ದೇಶದ ಉತ್ತರದ ಒಂದು ಊರಿನಲ್ಲಿ. ಅಲ್ಲಿಯ ಮಾತು ಫ್ಲೆಮಿಶ್. ಊರಿನ ಹೆಸರು ಬರೆಯುವುದಿಲ್ಲ. ನಾನು ಚಿಕ್ಕಬಳ್ಳಾಪುರದ ಕಡೆಯವನು ಎಂದು ಎಷ್ಟು ಸಲ ಹೇಳಿದರೂ ಆ ಹೆಸರನ್ನು ಅಲ್ಲಿಯವರು ಇಲ್ಲಿಯವರೆಗೆ ಒಂದು ಸಲವೂ ನೆಟ್ಟಗೆ ಹೇಳಿಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು. ಶಿಡ್ಲಘಟ್ಟದ, ಚಿಂತಾಮಣಿಯ ಗೆಳೆಯರು ಕಾಗದ ಬರೆದಾಗಲೆಲ್ಲ "ಅಲ್ಲಿ ಚೆನ್ನಾಗಿದೆಯಾ?" ಎಂದು ಕೇಳುತ್ತಾರೆ. ಚೆನ್ನಾಗಿಲ್ಲ ಎಂದು ಒಂದೇ ಸಾಲು ಬರೆದರೆ ಯಾರೂ ನಂಬುವುದಿಲ್ಲ, ಸೊಕ್ಕು ಅನ್ನುತ್ತಾರೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನನ್ನನ್ನು ಅಲ್ಲಿಗೆ ಕಳಿಸಿದ್ದು ಧೂಳು. ಬೆಂಗಳೂರಿನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯೊಂದರ ಪುಸ್ತಕಾಲಯದಲ್ಲಿ ನಾನು ಧೂಳು ಹೊಡೆಯುವ ಗುಮಾಸ್ತನಾಗಿದ್ದೆ. ಲ್ಯಾಟಿನ್ ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಕಲಿತವನಿಗೆ ಇನ್ನೊಂದು ಭಾಷೆ ಅಷ್ಟೇನೂ ಭಾರವಾಗಲಿಲ್ಲ. ಆರು ವರ್ಷದ ಮೇಲೆ, ಪಾಠ ಹೇಳುತ್ತಿದ್ದ ಮುದಿ ಪಾದ್ರಿ ನನ್ನನ್ನು ಕರೆದು ಒಂದು ಪುಟ ಓದಿಸಿ, ಸುಮ್ಮನೆ ನಕ್ಕು, ತಮ್ಮ ದೇಶದ ಪುಸ್ತಕಾಲಯಕ್ಕೆ ಕಾಗದ ಬರೆದರು. ಅಲ್ಲಿ ನೂರಾರು ವರ್ಷ ಹಳೆಯ ಲ್ಯಾಟಿನ್ ಹಸ್ತಪ್ರತಿಗಳನ್ನು ಓದಿ ಪಟ್ಟಿ ಮಾಡಲು ಜನ ಬೇಕಿತ್ತು. ಮೊದಲ ವರ್ಷ ಪರೀಕ್ಷೆಯ ಕಾಲ. ಓದಲು ಬಂದರೆ ಕಾಯಂ ಕೆಲಸ, ಬಾರದಿದ್ದರೆ ಅಥವಾ ನಡತೆ ಸರಿಯಿಲ್ಲವೆಂದರೆ ಬಂದ ದಾರಿಯಲ್ಲೇ ವಾಪಸ್ಸು. ಹೊರಡುವಾಗ ಪಾದ್ರಿ ಹೇಳಿದರು: "ನನ್ನ ಮಾತಿನ ಮೇಲೆ ನಿನ್ನನ್ನು ತೆಗೆದುಕೊಳ್ಳುತ್ತಿದ್ದಾರೆ. ನನ್ನ ಮಾತು ಕೆಡಿಸಬೇಡ."

ತಾಯಿಯಿಲ್ಲದ ನನ್ನನ್ನು ಸಾಕಿದವಳು ನಮ್ಮಪ್ಪನ ಅಕ್ಕ, ನಂಜತ್ತೆ. ಅವಳು ನಮ್ಮೂರಿಗೆ ಹತ್ತಿರದ ಮಂಡಿಕಲ್ಲಿನಲ್ಲಿ ಬಸ್ಸು ಹತ್ತಿಸಲು ಬಂದಿದ್ದಳು. ಬುತ್ತಿಯ ಗಂಟು ಕೈಗಿಡುತ್ತಾ, "ಅಲ್ಲಿ ಯಾರೇನಾರ ಅಂದ್ರೂ ಎದುರು ಮಾತಾಡ್ಬೇಡ ಕಣೋ ಸೀನಪ್ಪ. ನಿಂಗೆ ಕೋಪ ಜಾಸ್ತಿ," ಅಂದಳು. ನನಗೆ ಕೋಪ ಜಾಸ್ತಿ ಎಂಬುದು ನಿಜ. ಈ ಬರಹದಲ್ಲೂ ಅದು ಕಾಣುತ್ತದೆ, ಮುಚ್ಚಿಡುವ ಗೋಜಿಗೆ ಹೋಗಿಲ್ಲ.

ಆ ಊರಿನಲ್ಲಿ ಓದುವವರು ಬಾಡಿಗೆಗಿರುವ ಕೋಣೆಗೆ 'ಕೋಟ್' ಎನ್ನುತ್ತಾರೆ. ಕೋಳಿ ಕೂಡುವ ಗೂಡಿಗೂ ಅವರಲ್ಲಿ ಅದೇ ಮಾತು. ಆ ಗೂಡು ಸಿಗುವುದಕ್ಕೂ ನಾನು ಹದಿನಾಲ್ಕು ಬಾಗಿಲು ತಟ್ಟಬೇಕಾಯಿತು. ಕಿಟಕಿಯಲ್ಲಿ ಕೋಣೆ ಖಾಲಿಯಿದೆ ಎಂಬ ಚೀಟಿ ಇರುತ್ತಿತ್ತು. ಬಾಗಿಲು ತೆರೆದವರು ನನ್ನ ಮುಖ ನೋಡಿದ ಕೂಡಲೇ "ಈಗತಾನೇ ಹೋಯಿತಲ್ಲಾ" ಎನ್ನುತ್ತಿದ್ದರು. ಮಾರನೆಯ ದಿನ ಅದೇ ಚೀಟಿ ಅಲ್ಲೇ ಇರುತ್ತಿತ್ತು. ನಮ್ಮ ಕಡೆ ಏನು ಕಡಿಮೆಯೇ? ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಓದಲು ಕೋಣೆ ಹುಡುಕಿದಾಗ ಮೊದಲು ಜಾತಿ ಕೇಳಿ ಆಮೇಲೆ ಇಲ್ಲ ಎಂದವರು ಇದ್ದರು. ಕೇಳುವ ಶ್ರಮವನ್ನಾದರೂ ಅವರು ತೆಗೆದುಕೊಂಡಿದ್ದರು.

ಕೊನೆಗೆ ಒಬ್ಬ ವಿಧವೆ ತನ್ನ ಅಟ್ಟದ ಕೋಣೆ ಕೊಟ್ಟಳು. ಎಲ್ಲರೂ ಆಕೆಯನ್ನು 'ಮೆವ್ರೌ' ಎನ್ನುತ್ತಿದ್ದರು, ನಾವು ಅಮ್ಮಾವ್ರೇ ಅನ್ನುವ ಹಾಗೆ. ಕೋಣೆಯಲ್ಲಿ ಅಡುಗೆ ಮಾಡಕೂಡದು, ಒಗ್ಗರಣೆಯ ವಾಸನೆ ಪರದೆಗೆ ಹತ್ತುತ್ತದೆ ಎಂಬುದು ಆಕೆಯ ಕರಾರು. ಒಗ್ಗರಣೆ ಎಂಬ ಮಾತು ಆಕೆಗೆ ತಿಳಿಯದು, ಮೂಗು ಹಿಡಿದು ತೋರಿಸಿದಳು. ಆಕೆ ಬೇಯಿಸಿ ಕೊಡುತ್ತಿದ್ದುದು ಉಪ್ಪಿಲ್ಲದ ಆಲೂಗಡ್ಡೆ, ಜೊತೆಗೆ 'ವಿಟ್‌ಲೋಫ್' ಎಂಬ ಬಿಳಿಚಿಕೊಂಡ ಕಹಿ ಸೊಪ್ಪು. ಕತ್ತಲೆಯಲ್ಲಿ ಬೆಳೆಸಿದ ಆ ಸೊಪ್ಪನ್ನು ತಿನ್ನುವಾಗ ಇವರ ನಗುವೂ ಕತ್ತಲೆಯಲ್ಲೇ ಬೆಳೆದದ್ದಿರಬೇಕು ಅನ್ನಿಸುತ್ತಿತ್ತು. ಬೀದಿಯಲ್ಲಿ ನನ್ನನ್ನು ಕಂಡವರು ಮಕ್ಕಳ ಕೈ ಹಿಡಿದೆಳೆದುಕೊಳ್ಳುತ್ತಿದ್ದರು. 'ವ್ರೇಮ್ಡೆಲಿಂಗ್' ಅಂದರೆ ಹೊರಗಿನವನು. ನಾನು ಕಲಿತ ಮೊದಲ ಫ್ಲೆಮಿಶ್ ಮಾತು ಅದು. ಯಾರೂ ಕಲಿಸಲಿಲ್ಲ, ಬೆನ್ನ ಹಿಂದೆ ಕೇಳಿ ಕೇಳಿ ಬಂತು.

ಭಾನುವಾರ ಮಾತ್ರ ಒಂದು ಸುಖವಿತ್ತು. ಅಂದು ಬೆಳಿಗ್ಗೆ ಮೆವ್ರೌ 'ಕಾರ್ನೆಮೆಲ್ಕ್‌ಪಾಪ್' ಕಾಯಿಸುತ್ತಿದ್ದಳು. ಮಜ್ಜಿಗೆಗೆ ಧಾನ್ಯ ಹಾಕಿ ಕುದಿಸಿದ ಗಂಜಿ. ಮೊದಲ ಸಲ ಬಾಯಿಗಿಟ್ಟಾಗಲೇ ನಾಲಿಗೆ ಗುರುತು ಹಿಡಿಯಿತು. ನಮ್ಮ ರಾಗಿ ಅಂಬಲಿಯ ಹುಳಿಯೇ ಅದು, ಬಣ್ಣ ಮಾತ್ರ ಬೇರೆ. ಇನ್ನೊಂದು ಬಟ್ಟಲು ಕೇಳಿದೆ. ಆಕೆ ಮೊದಲ ಬಾರಿಗೆ ನನ್ನ ಮುಖ ನೋಡಿ, ಬಟ್ಟಲು ತುಂಬ ಬಡಿಸಿದಳು.

ಇನ್ನು ಪುಸ್ತಕಾಲಯ. ಹಸ್ತಪ್ರತಿಗಳ ಮೇಲ್ವಿಚಾರಕರು ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸದಾ ಝಣಗುಟ್ಟುತ್ತಿದ್ದುದರಿಂದ ನಾನು ಅವರಿಗೆ ಮನಸ್ಸಿನಲ್ಲೇ ಬೀಗದಪ್ಪ ಎಂದು ಹೆಸರಿಟ್ಟಿದ್ದೆ. ಬಾಗಿಲಲ್ಲಿ ನನ್ನ ಕೈ ನೋಡಬೇಕೆಂದು ಹೇಳಿದವರು ಅವರೇ. ಅವರು ನನ್ನ ಮುಂದೆ ಇಟ್ಟದ್ದು ಕುರಿಚರ್ಮದ ಹಾಳೆಗಳ ಒಂದು ದಪ್ಪ ಪುಸ್ತಕ. ಹಿಂದೆ ಯಾವುದೋ ಮಠದ ಸನ್ಯಾಸಿಗಳು ದನ ಕುದುರೆಗಳ ಕಾಯಿಲೆಗೆ ಮಾಡುತ್ತಿದ್ದ ಮದ್ದುಗಳನ್ನು ಅದರಲ್ಲಿ ಬರೆದಿಟ್ಟಿದ್ದರು.

ಒಂದು ಪುಟ ಬಿಡಿಸಿ ನೋಡಿದೆ. ಆರು ವರ್ಷ ಕಲಿತ ಲ್ಯಾಟಿನ್ನಿನ ಒಂದು ಪದವೂ ಕಾಣಲಿಲ್ಲ. ಚರ್ಮ ಮಿಗಿಸುವುದಕ್ಕೆ, ಕೈನೋವು ತಪ್ಪಿಸುವುದಕ್ಕೆ ಆ ಸನ್ಯಾಸಿಗಳು ಪ್ರತಿಯೊಂದು ಮಾತನ್ನೂ ಕತ್ತರಿಸಿ ಕುಗ್ಗಿಸಿದ್ದರು. ಅಕ್ಷರದ ತಲೆಯ ಮೇಲೊಂದು ಅಡ್ಡಗೀಟಿದ್ದರೆ ಅಲ್ಲೊಂದು ಮಕಾರವೋ ನಕಾರವೋ ನುಂಗಿಹೋಗಿದೆ ಎಂದು ತಿಳಿಯಬೇಕು. ಅವರ ಪಕಾರದ ಬಾಲಕ್ಕೆ ಗೀಟು ಬಿದ್ದಿದ್ದರೆ 'ಪೆರ್', ಅದೇ ಬಾಲ ಸುತ್ತಿಕೊಂಡಿದ್ದರೆ 'ಪ್ರೊ'. ಒಂಬತ್ತರ ಅಂಕಿಯಂಥದ್ದೊಂದು ಪದದ ಮೊದಲಿಗೆ ಬಂದರೆ 'ಕೊನ್', ಕೊನೆಯಲ್ಲಿ ಮೇಲೆ ಹತ್ತಿ ಕೂತರೆ 'ಉಸ್'. ಡಾಕ್ಟರು ಚೀಟಿಯ ತಲೆಯಲ್ಲಿ ಬಾಲ ಕತ್ತರಿಸಿದ ಒಂದು ಅಕ್ಷರ ಬರೆಯುತ್ತಾರಲ್ಲ, ಅದೂ ಇಂಥದ್ದೇ. 'ರೆಚಿಪೆ' ಎಂದು ಅದನ್ನು ಓದಬೇಕು, ತೆಗೆದುಕೋ ಎಂದರ್ಥ.

ಬೀಗದಪ್ಪ ಕಲಿಸಲಿಲ್ಲ. ಆ ಪುಸ್ತಕದ ಕೆಲವು ಹಾಳೆಗಳನ್ನು ಓದಿ ಮೂವತ್ತು ವರ್ಷದ ಹಿಂದೆ ಅವರೇ ಅಚ್ಚು ಹಾಕಿಸಿದ್ದ ಒಂದು ಲೇಖನವನ್ನು ನನ್ನ ಕೈಗೆ ಕೊಟ್ಟರು.

"ಕಲಿಯುವುದಾದರೆ ಇದರಿಂದ ಕಲಿಯಿರಿ," ಎಂದರು. "ಚರ್ಮದ ಮೇಲಿರುವ ಅಕ್ಷರ ನೆಟ್ಟಗೆ ಅಚ್ಚಾಗಿದೆ. ಬಿಟ್ಟುಹೋದದ್ದನ್ನು ನಾನು ತುಂಬಿದ ಕಡೆ ಅಕ್ಷರ ಓರೆಯಾಗಿದೆ. ಕಣ್ಣಿಗೆ ಕಾಣದ ಕಡೆ ಚುಕ್ಕಿ ಇಟ್ಟಿದ್ದೇನೆ. ಊಹೆ ಮಾಡಬಾರದು. ನಿಮ್ಮ ಕಡೆಯವರಿಗೆ ಊಹೆ ಹೆಚ್ಚು."

ನಮ್ಮ ಕಡೆಯವರನ್ನು ಅವರು ಅದಕ್ಕೆ ಮುಂಚೆ ಕಂಡೇ ಇರಲಿಲ್ಲ.

ಮೂರು ತಿಂಗಳು ದಿನಕ್ಕೆ ನಾಲ್ಕು ಸಾಲು ಓದುವುದೂ ಕಷ್ಟವಾಯಿತು. ಮಿಕ್ಕವರು ಸರಸರ ಹಾಳೆ ಮಗುಚುತ್ತಿದ್ದರೆ ನಾನು ಒಂದೇ ಪುಟದ ಮೇಲೆ ಹದ್ದಿನಂತೆ ಕೂತಿರುತ್ತಿದ್ದೆ. ಒಂದು ಬೆಳಿಗ್ಗೆ, ಹೊಟ್ಟೆ ಉಬ್ಬಿದ ಎತ್ತಿನ ಮದ್ದಿನ ಪುಟದಲ್ಲಿ, ನನಗೆ ಇದ್ದಕ್ಕಿದ್ದಂತೆ ದಾರಿ ಕಂಡಿತು. ಮಾತು ಓದುವುದನ್ನು ಬಿಟ್ಟು ಮದ್ದು ಮಾಡುವುದನ್ನು ನೆನೆಸಿಕೊಂಡೆ. ಮೊದಲು ತೆಗೆದುಕೋ, ಆಮೇಲೆ ಕುಟ್ಟು, ಬೆರೆಸು, ಬಿದಿರಿನ ಗೊಟ್ಟದಲ್ಲಿ ಕುಡಿಸು, ಮೂರು ಬೆಳಿಗ್ಗೆ ಕೊಡು. ಎಲ್ಲಿಯದಾದರೂ ದನದ ಮದ್ದಿಗೆ ಬೇರೆ ಕ್ರಮ ಇರಲು ಹೇಗೆ ಸಾಧ್ಯ? ಕತ್ತರಿಸಿದ ಮಾತುಗಳು ಆ ಕ್ರಮದಲ್ಲಿ ಒಂದೊಂದಾಗಿ ಬಂದು ಕೂತವು. ಅಂದು ಎರಡು ಹಾಳೆ ಓದಿ ಮುಗಿಸಿದೆ. ಬೀಗದಪ್ಪ ಕೆಂಪು ಪೆನ್ಸಿಲು ಹಿಡಿದು ಅರ್ಧ ದಿನ ತಪ್ಪು ಹುಡುಕಿದರು. ಸಿಗಲಿಲ್ಲ. "ಅದೃಷ್ಟ," ಎಂದು ಪೆನ್ಸಿಲು ಜೇಬಿಗಿಟ್ಟುಕೊಂಡರು.

ಅದೃಷ್ಟವಲ್ಲ, ನಮ್ಮ ತಾತ. ಅವರು ಗೋವೈದ್ಯರಾಗಿದ್ದರು. ತೊಂಡೇಬಾವಿಯ ಕಡೆಯಿಂದಲೂ ದನ ಹೊಡೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಅವರ ಮದ್ದುಗಳೆಲ್ಲ ಒಂದು ತಾಳೆಗರಿಯ ಕಟ್ಟಿನಲ್ಲಿದ್ದವು, ಅರ್ಧ ತೆಲುಗು ಅರ್ಧ ಕನ್ನಡ. ಅವರೂ ಗರಿ ಉಳಿಸಲು ಮಾತು ಕತ್ತರಿಸುತ್ತಿದ್ದರು. 'ಬೆ' ಅಂದರೆ ಬೆಳ್ಳುಳ್ಳಿ, 'ಓ' ಅಂದರೆ ಓಮ. ಗರಿಯ ಮೇಲೆ ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರ ಬರಿಗಣ್ಣಿಗೆ ಕಾಣುವುದಿಲ್ಲ. ಗರುಗದ ಸೊಪ್ಪಿನ ರಸಕ್ಕೆ ದೀಪದ ಮಸಿ ಕಲೆಸಿ ಹೆಬ್ಬೆರಳಿನಿಂದ ಉಜ್ಜಿ ಬಟ್ಟೆಯಲ್ಲಿ ಒರೆಸಿದರೆ ಕೊರೆದ ಗೀರುಗಳಲ್ಲಿ ಮಸಿ ನಿಂತು ಅಕ್ಷರ ಕಪ್ಪಗೆ ಎದ್ದುಬರುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕಟ್ಟನ್ನೆಲ್ಲ ಉಜ್ಜುತ್ತಿದ್ದೆವು. ದೀಪಾವಳಿಯವರೆಗೂ ನಮ್ಮ ಮನೆಯವರ ಹೆಬ್ಬೆರಳು ಕಪ್ಪಗಿರುತ್ತಿತ್ತು. ಅದನ್ನು ನೋಡಿಯೇ ಸಂತೆಯಲ್ಲಿ ಜನ ನಮ್ಮನ್ನು ಗುರುತಿಸುತ್ತಿದ್ದರು.

ಈ ಕಥೆಯನ್ನು ನಾನು ಪುಸ್ತಕದ ರಟ್ಟು ಕಟ್ಟುವ ಕೋಣೆಯಲ್ಲಿ, ಕಾಫಿಯ ಹೊತ್ತಿನಲ್ಲಿ ಹೇಳಿದೆ. ಅಷ್ಟು ಹೊತ್ತಿಗೆ ನನಗೆ ಫ್ಲೆಮಿಶ್ ಮಾತು ಸ್ವಲ್ಪ ಬಂದಿತ್ತು, ಅದನ್ನು ತೋರಿಸುವ ಚಪಲ ಬೇರೆ. ಹೆಬ್ಬೆರಳಿನಿಂದ ಮೇಜನ್ನು ಉಜ್ಜಿ ತೋರಿಸಿದೆ. ರಟ್ಟು ಕಟ್ಟುವವರು ಗೊಳ್ಳೆಂದು ನಕ್ಕರು. ಆ ದೇಶದಲ್ಲಿ ನಾನು ಹೇಳಿದ್ದಕ್ಕೆ ಜನ ನಕ್ಕದ್ದು ಅದೇ ಮೊದಲು. ಗೆದ್ದೆನೆಂದುಕೊಂಡೆ. ಬೀಗದಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು, ಅವರು ನಗಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ವರ್ಷ ತುಂಬಲು ಎರಡು ತಿಂಗಳಿರುವಾಗ ಪುಸ್ತಕಾಲಯಕ್ಕೆ ಹೊಸ ನಿರ್ದೇಶಕರು ಬಂದರು. ಎಲ್ಲರ ಮೇಜಿಗೂ ಹೋಗಿ ಪುಸ್ತಕ ನೋಡುತ್ತಾ ನನ್ನ ಮೇಜಿಗೂ ಬಂದರು. ನಲವತ್ತೊಂದನೆಯ ಹಾಳೆಯಲ್ಲಿ ಅವರ ಕೈ ನಿಂತಿತು. ಹಾಳೆಯ ಅಡಿಯಲ್ಲಿ, ಕೊನೆಯ ಆರು ಸಾಲುಗಳ ಮೇಲೆ, ಅಂಗೈಯಗಲ ಕಂದು ಕಲೆ.

"ಇದೇನು?" ಎಂದರು.

ನಾನು ಬಾಯಿ ತೆರೆಯುವ ಮುಂಚೆಯೇ ಬೀಗದಪ್ಪ ಹೇಳಿದರು: "ಈ ಪ್ರತಿ ಹತ್ತು ತಿಂಗಳಿಂದ ಯಾರ ಮೇಜಿನಲ್ಲಿದೆ ನೋಡಿ. ಇವರ ದೇಶದಲ್ಲಿ ಹಸ್ತಪ್ರತಿಗಳಿಗೆ ಸೊಪ್ಪಿನ ರಸ, ಮಸಿ ಉಜ್ಜುತ್ತಾರೆ. ಇವರೇ ಹೇಳಿದ್ದಾರೆ, ರಟ್ಟಿನ ಕೋಣೆಯವರೆಲ್ಲ ಕೇಳಿದ್ದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. ನಿರ್ದೇಶಕರೂ ಅದನ್ನೇ ನೋಡಿದರು. ಕಲೆ ನಾನು ಬಂದಾಗಲೇ ಇತ್ತು ಎಂದೆ, ಯಾರೂ ನಂಬಲಿಲ್ಲ. ಕೋಪ ಬಂದರೆ ನನಗೆ ತೆಲುಗು ಬರುತ್ತದೆ. ಬೀಗದಪ್ಪನ ಏಳು ತಲೆಮಾರನ್ನೂ ತೆಲುಗಿನಲ್ಲಿ ವಿಚಾರಿಸಿಕೊಂಡೆ. ಅರ್ಥವಾಗದಿದ್ದರೂ ದನಿ ಅರ್ಥವಾಯಿತು. ಬಾಗಿಲು ಕಾಯುವ ಮುದುಕ ಬಂದು ರೆಟ್ಟೆ ಹಿಡಿದ. ಒಳಗೆ ಬಿಡುವ ಚೀಟಿಯನ್ನು ಕಿತ್ತುಕೊಂಡರು. ಒಂದು ವಾರದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ವಾಪಸ್ಸು ಕಳಿಸಿ ಬೆಂಗಳೂರಿನ ಪಾದ್ರಿಗೆ ಕಾರಣ ಬರೆಯುತ್ತೇವೆ ಎಂದರು ನಿರ್ದೇಶಕರು.

ವಾಪಸ್ಸು ಹೋಗುವುದಕ್ಕೆ ನನಗೆ ಅಳುಕಿರಲಿಲ್ಲ. ಆ ಊರನ್ನು ನಾನು ದ್ವೇಷಿಸುತ್ತಿದ್ದೆ, ಇಂದೇ ಹಡಗಿದ್ದರೆ ಇಂದೇ ಹತ್ತುತ್ತಿದ್ದೆ. ಆದರೆ ಪುಸ್ತಕ ಕೆಡಿಸಿದವನು ಎಂಬ ಹೆಸರು ಹೊತ್ತು ಹೋಗುವುದೆಂದರೆ? ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಆ ಪಾದ್ರಿ ತಮ್ಮ ಮಾತು ಕೊಟ್ಟಿದ್ದರು. ಅವರಿಗೆ ಈ ಕಾಗದ ತಲಪುವುದನ್ನು ನೆನೆಸಿಕೊಂಡು ನಾನು ಆ ಅಟ್ಟದಲ್ಲಿ ಮಗುವಿನಂತೆ ಅತ್ತೆ. ಅತ್ತ ಸದ್ದು ಕೇಳಿ ಮೆವ್ರೌ ಕೆಳಗಿನಿಂದ ಕೋಲಿನಲ್ಲಿ ಸೂರು ತಟ್ಟಿದಳು, ಸುಮ್ಮನಿರು ಎಂದು.

ಭಾನುವಾರ ಬೆಳಿಗ್ಗೆ ಮಜ್ಜಿಗೆ ಗಂಜಿ ಕುಡಿಯುತ್ತಾ, ಮಾಡಲು ಬೇರೆ ಕೆಲಸವಿಲ್ಲದೆ, ಬೀಗದಪ್ಪನ ಅಚ್ಚಾದ ಲೇಖನವನ್ನು ತೆರೆದೆ. ಬೈಯುವುದಕ್ಕಾದರೂ ಒಂದು ತಪ್ಪು ಸಿಗಲಿ ಎಂಬುದು ನನ್ನ ಆಸೆ. ನಲವತ್ತೊಂದನೆಯ ಹಾಳೆಯ ಕೊನೆಯ ಆರು ಸಾಲನ್ನು ಅವರು ಒಂದು ಚುಕ್ಕಿಯೂ ಇಲ್ಲದೆ ಪೂರ್ತಿ ಓದಿದ್ದರು. ಎದುರಿನ ನಲವತ್ತೆರಡನೆಯ ಹಾಳೆಯ ಅಡಿಯಲ್ಲಿ ಬರೀ ಚುಕ್ಕಿಗಳು. ನನ್ನ ನೋಟುಬುಕ್ಕು ತೆಗೆದೆ. ನಾನೂ ನಲವತ್ತೆರಡರಲ್ಲಿ ಚುಕ್ಕಿಯನ್ನೇ ಇಟ್ಟಿದ್ದೆ. ಹಿಂದೆ ಯಾವಾಗಲೋ ತೆರೆದಿಟ್ಟ ಪುಸ್ತಕಕ್ಕೆ ನೀರು ಬಿದ್ದು, ಎದುರು ಬದುರಿನ ಎರಡು ಹಾಳೆಗಳ ಅಡಿಯಲ್ಲೂ ಶಾಯಿ ಒಂದೇ ಸಮನೆ ಅಳಿಸಿಹೋಗಿತ್ತು. ಒಂದೇ ನೀರು ಕುಡಿದ ಎರಡು ಹಾಳೆಗಳಲ್ಲಿ ಒಂದನ್ನು ಓದಲು ಬಂದು ಇನ್ನೊಂದನ್ನು ಓದಲು ಬಾರದೇ ಹೋದದ್ದು ಹೇಗೆ?

ಚಮಚ ಕೈಯಲ್ಲೇ ನಿಂತಿತು. ಉಜ್ಜಿದ ಗರಿ ಕಾಣುತ್ತದೆ, ಉಜ್ಜದ ಗರಿ ಕಾಣುವುದಿಲ್ಲ. ಉಜ್ಜುವ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರು ಹೇಳಿಕೊಡಬೇಕು? ಮೂವತ್ತು ವರ್ಷದ ಹಿಂದೆಯೇ ಆ ಆರು ಸಾಲಿಗೆ ಯಾರೋ ಏನನ್ನೋ ಉಜ್ಜಿದ್ದರು.

ಸೋಮವಾರ ನಿರ್ದೇಶಕರ ಮುಂದೆ ಲೇಖನವನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಡಿಸಿದೆ. ಬೀಗದಪ್ಪನೂ ಅಲ್ಲೇ ಇದ್ದರು. ಎದುರು ಮಾತಾಡಬೇಡ ಎಂಬ ನಂಜತ್ತೆಯ ಮಾತು ನೆನಪಾಯಿತು, ಹಲ್ಲು ಕಚ್ಚಿ ಮೆಲ್ಲಗೆ ಕೇಳಿದೆ: "ನಮ್ಮಲ್ಲಿ ಮಸಿ ಉಜ್ಜುತ್ತೇವೆ, ನಿಜ. ಅಳಿಸಿದ ಶಾಯಿ ಕಾಣಲು ನಿಮ್ಮಲ್ಲಿ ಏನು ಉಜ್ಜುತ್ತಿದ್ದರು?"

ನಿರ್ದೇಶಕರು ಎರಡು ಹಾಳೆಗಳನ್ನೂ ಲೇಖನವನ್ನೂ ಬಹಳ ಹೊತ್ತು ನೋಡಿದರು. ಆಮೇಲೆ, ಹಿಂದಿನ ಕಾಲದ ಪಂಡಿತರು ಓಕ್ ಮರದ ಗಂಟುಕಾಯಿಯ ಕಷಾಯ ಹಚ್ಚುತ್ತಿದ್ದರು, ಆ ಕ್ಷಣಕ್ಕೆ ಅಕ್ಷರ ಕಾಣುತ್ತಿತ್ತು, ವರ್ಷಗಳಾದ ಮೇಲೆ ಅಲ್ಲಿ ಕಂದು ಕಲೆ ಏಳುತ್ತಿತ್ತು, ಈಗ ಅದನ್ನು ಯಾರೂ ಮಾಡುವುದಿಲ್ಲ ಎಂದರು. ಗಂಟುಕಾಯಿ ಎಂದರೆ ಏನೆಂದು ಚಿತ್ರ ಬರೆದು ತೋರಿಸಿದರು. ನೋಡಿದರೆ ಮಾಚಿಕಾಯಿ! ನಂಜತ್ತೆ ಕಲ್ಲಿನ ಮೇಲೆ ತೇಯ್ದು ಕೂಸುಗಳಿಗೆ ನೆಕ್ಕಿಸುವ ಮಾಚಿಕಾಯಿ.

ಬೀಗದಪ್ಪ ಕಿಟಕಿಯ ಕಡೆ ತಿರುಗಿದ್ದರು. "ಆಗ ನನಗೆ ಇಪ್ಪತ್ತಾರು ವರ್ಷ," ಎಂದರು. "ಓದಲೇಬೇಕು ಎನ್ನಿಸಿತು."

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಅದನ್ನು ನನ್ನ ಹೆಬ್ಬೆರಳಿಗೆ ಒರೆಸಿದರಲ್ಲ, ಅದನ್ನು ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಚೀಟಿ ವಾಪಸ್ಸು ಸಿಕ್ಕಿತು, ವರ್ಷ ತುಂಬಿದ ಮೇಲೆ ಕೆಲಸ ಕಾಯಂ ಆಯಿತು. ಮೇಜನ್ನು ಮಾತ್ರ ಬದಲಾಯಿಸಿ ಬೀಗದಪ್ಪನ ಕಣ್ಣೆದುರಿಗೆ ಹಾಕಿದರು. ಬಾಗಿಲಲ್ಲಿ ಕೈ ನೋಡುವುದೂ ನಿಲ್ಲಲಿಲ್ಲ. ತಾನು ಕಳ್ಳ, ಪರರ ನಂಬ. ಏಳು ವರ್ಷ ನಾವಿಬ್ಬರೂ ಎದುರು ಬದುರು ಕೂತು, ಕೆಲಸಕ್ಕೆ ಬೇಕಾದಷ್ಟು ಬಿಟ್ಟರೆ ಒಂದು ಮಾತೂ ಆಡದೆ ಅದೇ ಪುಸ್ತಕಗಳನ್ನು ಓದಿದೆವು. ಅವರು ಬಿಡಿಸಲಾಗದ ಗೀಟುಗಳನ್ನು ಚೀಟಿಯಲ್ಲಿ ಬರೆದು ನನ್ನ ಮೇಜಿಗೆ ತಳ್ಳುತ್ತಿದ್ದರು, ನಾನು ಉತ್ತರ ಬರೆದು ವಾಪಸ್ಸು ತಳ್ಳುತ್ತಿದ್ದೆ.

ಅರವತ್ತರ ದಶಕದ ಮೊದಲಲ್ಲಿ ರಜೆ ಸಿಕ್ಕಿತು. ಊರಿಗೆ ಬಂದೆ. ನನಗೆ ಮಾತ್ರ ಕುರ್ಚಿ ಹಾಕಿದರು, ಮಿಕ್ಕವರೆಲ್ಲ ಚಾಪೆಯ ಮೇಲೆ ಕೂತರು. ನಾನು ಕೇಳುವ ಮುಂಚೆಯೇ ನೀರು ಕಾಯಿಸಿ ಆರಿಸಿ ಕೊಟ್ಟರು. ದೊಡ್ಡ ದನಿಯಲ್ಲಿ ಮಾತಾಡುತ್ತಾರೆ, ಕೇಳದೆ ಕೋಣೆಗೆ ನುಗ್ಗುತ್ತಾರೆ, ನನ್ನ ಸಂಬಳ ಎಷ್ಟೆಂದು ಬಸ್ಸಿನಲ್ಲಿ ಅಪರಿಚಿತರೂ ಕೇಳುತ್ತಾರೆ ಎಂದು ನನಗೆ ರೇಗುತ್ತಿತ್ತು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ರೇಗುತ್ತಿದ್ದವನೂ ನಾನೇ.

ಹೊರಡಲು ಎರಡು ದಿನವಿರುವಾಗ ಮಂಡಿಕಲ್ಲಿನ ಗಾಡಿ ಮಾಬುಸಾಬರು ಎತ್ತು ಹೊಡೆದುಕೊಂಡು ಬಂದರು. ಚಿಕ್ಕಂದಿನಲ್ಲಿ ನನ್ನನ್ನು ಗಾಡಿಯಲ್ಲಿ ಶಾಲೆಗೆ ಬಿಡುತ್ತಿದ್ದವರು.

"ನಂಜಕ್ಕಾ, ಎರಡು ದಿನದಿಂದ ಮೆಲುಕೇ ಹಾಕ್ತಿಲ್ಲ," ಎಂದರು. "ಹೊಟ್ಟೆ ನೋಡಿ, ನಗಾರಿ ಆಗೈತೆ. ದನದ ಡಾಕ್ಟ್ರು ರಜೆ ಮೇಲೆ ಹೋಗವ್ರೆ. ನಿಮ್ಮಪ್ಪನ ಪುಸ್ತಕ ತೆಗೀರಿ ಅಕ್ಕಾ."

ಗರಿ ಓದುತ್ತಿದ್ದ ನಮ್ಮಪ್ಪನಿಗೆ ಕಣ್ಣಿಗೆ ಪೊರೆ ಬಂದಿತ್ತು, ವರ್ಷಕ್ಕೊಮ್ಮೆ ಕಟ್ಟು ಉಜ್ಜುವುದೂ ನಿಂತುಹೋಗಿತ್ತು. ನಂಜತ್ತೆ ಕಟ್ಟು ಬಿಚ್ಚಿ ಬೇಕಾದ ಗರಿಯನ್ನು ಕಟ್ಟಿನ ಜಾಗದ ಗುರುತಿನಿಂದಲೇ ಎಳೆದಳು. ಅವಳಿಗೆ ಅಕ್ಷರ ಬಾರದು. ಗರುಗದ ರಸಕ್ಕೆ ಮಸಿ ಕಲೆಸಿ ಹೆಬ್ಬೆರಳು ಅದ್ದಿದಳು.

"ಮುಟ್ಟಬೇಡಿ!" ಎಂದು ಕೂಗಿದೆ. ಹೆತ್ತ ತಾಯಿಗಿಂತ ಹೆಚ್ಚಾದವಳಿಗೆ ಬಹುವಚನ ಹಚ್ಚಿ ಕೂಗಿದ್ದೆ. ಅದು ಬೀಗದಪ್ಪನ ದನಿ.

ನಂಜತ್ತೆಯ ಕೈ ನಿಂತಿತು. "ಯಾಕೋ? ನನ್ ಕೈಗೇನಾಗೈತೆ?"

"ಕೈಗೇನೂ ಆಗಿಲ್ಲತ್ತೆ. ಹಿಂಗೆ ಉಜ್ಜಿ ಉಜ್ಜಿ ಗರಿ ಸವೆದುಹೋಗ್ತದೆ. ಕಟ್ಟು ನಂಗೆ ಕೊಡು. ಅಲ್ಲಿ ತಗೊಂಡೋಗಿ ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ. ಇನ್ನೂರು ವರ್ಷ ಇರ್ತದೆ."

"ಇದ್ದು? ಪೆಟ್ಟಿಗೇಲಿ ಇಟ್ರೆ ಮಾಬುಸಾಬ್ರ ಎತ್ತಿಗೆ ಯಾರು ಓದ್ತಾರೆ?" ಗರಿಯನ್ನು ನನ್ನ ಮುಂದೆ ಚಾಚಿದಳು. "ತಗೋ, ದೊಡ್ಡ ಓದು ಓದಿದೀಯಲ್ಲ ನಾಯನಾ. ಮಸಿ ಇಲ್ದೆ ಓದು, ನೋಡಣ."

ಬಿಸಿಲಿಗೆ ಹಿಡಿದೆ, ಓರೆಯಾಗಿ ಹಿಡಿದೆ. ಮೊದಲ ಸಾಲಿನಲ್ಲಿ ಒಂದು 'ಓ' ಸಿಕ್ಕಿತು, ಆಮೇಲೆ ಏನೂ ಇಲ್ಲ. ಬೀಗದಪ್ಪನ ಲೇಖನದಲ್ಲಾಗಿದ್ದರೆ ಚುಕ್ಕಿ ಇಟ್ಟು ಮುಂದೆ ಹೋಗಬಹುದಿತ್ತು. ಇಲ್ಲಿ ಅಂಗಳದಲ್ಲಿ ಎತ್ತು ನಿಂತಿತ್ತು, ಅದು ನರಳುತ್ತಿತ್ತು. ಮಾಬುಸಾಬರು ಅದರ ಬೆನ್ನು ಸವರುತ್ತಾ ನನ್ನ ಬಾಯನ್ನೇ ನೋಡುತ್ತಿದ್ದರು.

ಬಟ್ಟಲನ್ನು ನಾನೇ ಎಳೆದುಕೊಂಡೆ. ಹೆಬ್ಬೆರಳು ಅದ್ದಿ ಗರಿಯ ಈ ತುದಿಯಿಂದ ಆ ತುದಿಗೆ ಉಜ್ಜಿದೆ. ಬಟ್ಟೆಯಲ್ಲಿ ಒರೆಸಿದ ಕೂಡಲೇ ತಾತನ ಅಕ್ಷರ ಕಪ್ಪಗೆ ಎದ್ದು ಬಂತು. ಓಮ, ಬೆಳ್ಳುಳ್ಳಿ, ಇಂಗು, ಹಳೆಬೆಲ್ಲ. ಕುಟ್ಟು, ಬೆರೆಸು, ಕುಡಿಸು. ಕತ್ತರಿಸಿದ ಮಾತುಗಳನ್ನು ತುಂಬಿ ತುಂಬಿ ಗಟ್ಟಿಯಾಗಿ ಓದಿದೆ, ನಂಜತ್ತೆ ಕುಟ್ಟಿದಳು, ಮಾಬುಸಾಬರು ಗೊಟ್ಟ ಹಿಡಿದರು. ಸಂಜೆಯ ಹೊತ್ತಿಗೆ ಎತ್ತು ಸಗಣಿ ಹಾಕಿ ಮೆಲುಕಾಡಲು ಶುರುಮಾಡಿತು.

ಕಟ್ಟನ್ನು ನಂಜತ್ತೆ ನನಗೆ ಕೊಡಲಿಲ್ಲ. "ಬೇಕಾದ್ರೆ ನೀನೇ ಇಲ್ಲಿಗೆ ಬಂದು ಓದು," ಅಂದಳು. ಅವಳ ಮೇಲೆ ನನಗೆ ಸಿಟ್ಟು ಬಂತು. ಬಸ್ಸು ಹತ್ತುವವರೆಗೂ ಇಳಿಯಲಿಲ್ಲ.

ಈ ಸಲ ಬೊಂಬಾಯಿಯಿಂದ ವಿಮಾನ. ಐದನೆಯ ದಿನ ಬೆಳಿಗ್ಗೆ ಪುಸ್ತಕಾಲಯದ ಬಾಗಿಲಲ್ಲಿದ್ದೆ. ಅದೇ ಮುದುಕ. ರೂಢಿಯಂತೆ ಕೈ ಚಾಚಿದೆ, ರೂಢಿಯಂತೆ ಅವನು ನೋಡಿದ. ಬಲಗೈ ಹೆಬ್ಬೆರಳು ಕಪ್ಪಗಿತ್ತು. ಎಷ್ಟು ವರ್ಷದಿಂದ ಕಾಯುತ್ತಿದ್ದನೋ, ಅವನ ಕಣ್ಣು ಅರಳಿತು. ಕರವಸ್ತ್ರದಲ್ಲಿ ಉಜ್ಜಿದ. ಹೋಗಲಿಲ್ಲ. ಓಡುತ್ತಾ ಹೋಗಿ ಬೀಗದಪ್ಪನನ್ನು ಕರೆತಂದ.

ಬೀಗದಪ್ಪನಿಗೆ ನಿವೃತ್ತಿಗೆ ಕೆಲವು ತಿಂಗಳಷ್ಟೇ ಇತ್ತು. ಕನ್ನಡಕ ಏರಿಸಿ ನನ್ನ ಹೆಬ್ಬೆರಳನ್ನು ಬಹಳ ಹೊತ್ತು, ಹಾಳೆಯನ್ನು ನೋಡುವ ಹಾಗೆ ನೋಡಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ನನ್ನ ಬಾಯಲ್ಲೂ ತೆಲುಗು ತಯಾರಿತ್ತು.

"ಅಕ್ಷರ ಕಂಡವೇ?" ಎಂದು ಕೇಳಿದರು.

"ಕಂಡವು," ಎಂದೆ.

ಅವರು ತಲೆದೂಗಿ, ಒಳಗಿನ ನಲ್ಲಿಯ ಕಡೆ ಬೆರಳು ತೋರಿಸಿದರು. "ಹೋಗಿ ಕೈ ತೊಳೆದುಕೊಂಡು ಬನ್ನಿ."

ಸೋಪು ಹಚ್ಚಿ ಬಹಳ ಹೊತ್ತು ತೊಳೆದೆ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಬಂದು ನನ್ನ ಮೇಜಿನಲ್ಲಿ ಕೂತೆ. ಹಾಳೆ ಮಗುಚಲು ಮುಷ್ಟಿ ಬಿಚ್ಚಬೇಕಾಯಿತು. ಎದುರಿಗೆ ಕೂತಿದ್ದ ಬೀಗದಪ್ಪ ಅದನ್ನು ನೋಡಿ, ತಮ್ಮ ಪುಸ್ತಕಕ್ಕೆ ತಲೆ ತಗ್ಗಿಸಿದರು.